ಮನೆಯೊಳಗೆ ಗುಂಡು ಹಾರಿದರೆ ಗೋಡೆ ತಡೆಯುತ್ತಾ? ಸಾಲಿಡ್ ಬ್ಲಾಕ್, ಎಎಸಿ, ಜಿಪ್ಸಮ್ ಪಾರ್ಟಿಶನ್, ಬಾಗಿಲು

ರಾಜಾಜಿನಗರ_ನಿವಾಸಿ:
ಎಲ್ಲರಿಗೂ ನಮಸ್ಕಾರ. ಮೂರನೇ ಮಹಡಿಯ 2 ಬಿಎಚ್‌ಕೆ ಫ್ಲಾಟ್. ದೊಡ್ಡವರ ರೂಮಿಗೂ ಮಕ್ಕಳ ರೂಮಿಗೂ ಮಧ್ಯೆ ಇರೋದು ಒಂದೇ ಗೋಡೆ. ಹಾಲ್‌ನ ಒಂದು ಮೂಲೆಗೆ ಜಿಪ್ಸಮ್ ಬೋರ್ಡ್ ಪಾರ್ಟಿಶನ್ ಹಾಕಿ ಆಫೀಸ್ ರೂಮ್ ಮಾಡಲಾಗಿದೆ. ಮುಂಬಾಗಿಲು ತೆಗೆದರೆ ಆರಡಿ ಕಾರಿಡಾರ್, ಅದರಾಚೆ ಎದುರು ಮನೆಯವರ ಬಾಗಿಲು. ಮನೆಯಲ್ಲಿರೋದು ಲೈಸೆನ್ಸ್ ಇರೋ .32 ರಿವಾಲ್ವರ್ ಮತ್ತು ಒಂದು 12 ಬೋರ್ ಜೋಡುನಳಿಗೆ ಕೋವಿ.

ರಾತ್ರಿ ಯಾರಾದರೂ ನುಗ್ಗಿ, ಬೇರೆ ದಾರಿಯೇ ಇಲ್ಲದೆ ಗುಂಡು ಹಾರಿಸಬೇಕಾಗಿ ಬಂತು ಅಂತ ಇಟ್ಕೊಳ್ಳಿ. ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತೆ? ನೆಟ್‌ನಲ್ಲಿ ಸಿಗೋ ಅಮೆರಿಕದ ವಿಡಿಯೊಗಳಲ್ಲಿ ಒಂದೇ ಗುಂಡು ನಾಲ್ಕೈದು ಗೋಡೆ ತೂರಿಕೊಂಡು ಹೋಗುತ್ತೆ. ನಮ್ಮ ಬೆಂಗಳೂರಿನ ಗೋಡೆಗೆ ಆ ಲೆಕ್ಕ ಹೊಂದುತ್ತಾ? ಯಾವ ತೋಟಾ ಹಾಕಿದರೆ ಪಕ್ಕದ ರೂಮಿನವರಿಗೆ ಅಪಾಯ ಕಮ್ಮಿ?

ಗಾರೆಮನೆ:
ಆ ಲೆಕ್ಕ ಹೊಂದಲ್ಲ ಸರ್. ಆದರೆ ಹೊಂದಲ್ಲ ಅಂತ ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ.

ಅಮೆರಿಕದ ಮನೆಗಳ ಒಳಗೋಡೆ ಅಂದ್ರೆ ಮರದ ಪಟ್ಟಿಗಳಿಗೆ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಬಡಿದಿರೋದು, ಮಧ್ಯೆ ಖಾಲಿ. ಅಲ್ಲಿನ ಎಫ್‌ಬಿಐ ಗುಂಡುಗಳನ್ನು ಪರೀಕ್ಷೆ ಮಾಡುವಾಗ ಇಡೋ ಅಡ್ಡಗಳಲ್ಲಿ ಒಂದು ಇದೇ ಗೋಡೆ. ಅದನ್ನು ದಾಟಿದ ಮೇಲೂ ಗುಂಡು, ಮನುಷ್ಯನ ಮೈ ಬದಲಿಗೆ ಇಡೋ ಜೆಲ್ಲಿನೊಳಗೆ ಕನಿಷ್ಠ 12 ಇಂಚು ಹೋಗಬೇಕು ಅನ್ನೋದು ಅವರ ಅಪೇಕ್ಷೆ. ಅಂದ್ರೆ ಅಲ್ಲಿ ಒಳ್ಳೆ ಗುಂಡು ಅಂತ ಅನ್ನಿಸಿಕೊಳ್ಳೋದೇ ಗೋಡೆ ದಾಟಿ ಕೆಲಸ ಮಾಡೋ ಗುಂಡು.

ನಮ್ಮಲ್ಲಿ ಒಳಗೋಡೆ ಹೆಚ್ಚಾಗಿ 4 ಇಂಚಿನ ಸಾಲಿಡ್ ಬ್ಲಾಕ್, ಎರಡೂ ಕಡೆ ಅರ್ಧರ್ಧ ಇಂಚು ಪ್ಲಾಸ್ಟರಿಂಗ್. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಎಎಸಿ ಬ್ಲಾಕ್ (ಒಳಗೆಲ್ಲ ಗಾಳಿಗುಳ್ಳೆ ಇರೋ ಹಗುರ ಸಿಮೆಂಟ್ ಬ್ಲಾಕ್), ಇಲ್ಲವೇ ಅಲ್ಯೂಮಿನಿಯಂ ಫಾರ್ಮ್‌ವರ್ಕ್‌ನಲ್ಲಿ ಸುರಿದ ಕಾಂಕ್ರೀಟ್ ಗೋಡೆ. ಹಳೇ ಬಡಾವಣೆಗಳಲ್ಲಿ ನಾಲ್ಕೂವರೆ ಅಥವಾ ಒಂಬತ್ತು ಇಂಚಿನ ಇಟ್ಟಿಗೆ.

ಒಂದು ಒರಟು ಲೆಕ್ಕ ಹೇಳ್ತೀನಿ, ಚಿತ್ರ ಸ್ಪಷ್ಟ ಆಗುತ್ತೆ. .32 ಗುಂಡಿನ ಅಡ್ಡಗಲ ಸುಮಾರು 8 ಮಿ.ಮೀ., ಅಂದ್ರೆ ಅರ್ಧ ಚದರ ಸೆಂ.ಮೀ. ದಾರಿ. ರಿವಾಲ್ವರ್ ಗುಂಡಿನ ತೂಕ 6.3 ಗ್ರಾಂ. 12.5 ಮಿ.ಮೀ. ಜಿಪ್ಸಮ್ ಹಲಗೆ ಚದರ ಮೀಟರ್‌ಗೆ ಸುಮಾರು 9 ಕೆ.ಜಿ. ತೂಗುತ್ತೆ. ಆ ದಾರಿಯಲ್ಲಿ ಗುಂಡಿಗೆ ಅಡ್ಡ ಸಿಗೋ ಹಲಗೆಯ ತೂಕ ಅರ್ಧ ಗ್ರಾಂಗೂ ಕಡಿಮೆ. ಎರಡು ಹಲಗೆ ಸೇರಿದರೂ ಒಂದು ಗ್ರಾಂ ಆಗಲ್ಲ. ಆರು ಗ್ರಾಂ ಸೀಸಕ್ಕೆ ಅದೊಂದು ಅಡ್ಡಿಯೇ ಅಲ್ಲ. 4 ಇಂಚಿನ ಎಎಸಿ ಆದರೆ ಮೂರು ಗ್ರಾಂ ಮೇಲೆ. 4 ಇಂಚಿನ ಸಾಲಿಡ್ ಬ್ಲಾಕ್ ಆದರೆ ಹತ್ತು ಗ್ರಾಂ, ಪ್ಲಾಸ್ಟರ್ ಸೇರಿ ಹನ್ನೆರಡರ ಹತ್ತಿರ, ಜೊತೆಗೆ ಕಲ್ಲಿನ ಗಡಸು ಬೇರೆ. .32 ಗುಂಡು ಅಲ್ಲಿ ಚಪ್ಪಟೆಯಾಗಿ ಕೆಳಗೆ ಬೀಳುತ್ತೆ, ಇಲ್ಲಾಂದ್ರೆ ಪ್ಲಾಸ್ಟರ್‌ನಲ್ಲೇ ಹೂತು ಕೂರುತ್ತೆ. ಬರೀ ತೂಕವೇ ಎಲ್ಲ ಅಲ್ಲ, ಗಡಸುತನಕ್ಕೂ ಪಾಲಿದೆ. ಆದರೂ ಯಾವುದು ಗೋಡೆ, ಯಾವುದು ಪರದೆ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತೆ.

ಈಗ ನಿಮ್ಮ ಮನೇಲಿ ಯಾವ ಗೋಡೆ ಇದೆ ಅಂತ ತಿಳಿಯೋದು ಹೇಗೆ? ಬಾಗಿಲಿನ ಚೌಕಟ್ಟಿನ ಹತ್ತಿರ ಗೋಡೆಯ ಒಟ್ಟು ದಪ್ಪ ಅಳೀರಿ. 125 ಮಿ.ಮೀ. ಆಸುಪಾಸು ಬಂದರೆ 4 ಇಂಚಿನ ಬ್ಲಾಕ್, 175 ಬಂದರೆ 6 ಇಂಚಿನದು, 75ರಿಂದ 80 ಬಂದರೆ ಜಿಪ್ಸಮ್ ಪಾರ್ಟಿಶನ್. ಆಮೇಲೆ ಕಾಣದ ಜಾಗದಲ್ಲಿ, ಕರೆಂಟ್ ಪೈಪ್ ಇಲ್ಲದ ಕಡೆ, 6 ಮಿ.ಮೀ. ಬಿಟ್‌ನಲ್ಲಿ ಎರಡು ಇಂಚು ಡ್ರಿಲ್ ಮಾಡಿ ಪುಡಿ ನೋಡಿ. ಬೂದು ಬಣ್ಣದ ಪುಡಿ, ಮಧ್ಯೆ ಮಧ್ಯೆ ಜಲ್ಲಿ ಸಿಕ್ಕಿ ಬಿಟ್ ಕಿರುಗುಟ್ಟಿದರೆ ಸಾಲಿಡ್ ಬ್ಲಾಕ್. ಹಿಟ್ಟಿನಂಥ ಬಿಳಿ-ಬೂದು ಪುಡಿ ಬಂದು, ಹ್ಯಾಮರ್ ಹಾಕದೇನೇ ಬಿಟ್ ಸಲೀಸಾಗಿ ಇಳಿದರೆ ಎಎಸಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಕೆಂಪು ಪುಡಿ ಬರ್ತಾ ಬರ್ತಾ ಬಿಟ್ ದಢಕ್ಕನೆ ಒಳಗೆ ಹೋದರೆ ಟೊಳ್ಳು ಜೇಡಿಮಣ್ಣಿನ ಬ್ಲಾಕ್. ಅದರೊಳಗಿನ ಅಡ್ಡಗೋಡೆಗಳು ತೀರಾ ತೆಳು, ಸಾಲಿಡ್ ಬ್ಲಾಕ್ ಜೊತೆ ಅದನ್ನು ಸೇರಿಸಬೇಡಿ. ಸೀಮೆಸುಣ್ಣದ ಥರ ಬಿಳಿ ಪುಡಿ ಬಂದು ಅರ್ಧ ಇಂಚಿಗೇ ಖಾಲಿ ಸಿಕ್ಕಿದರೆ ಜಿಪ್ಸಮ್.

ಜೋಡುನಳಿಗೆ:
ಗಾರೆಮನೆಯವರು ಗೋಡೆ ಹೇಳಿದರು, ನಾನು ತೋಟಾ ಹೇಳ್ತೇನೆ.

ಮೊದಲಿಗೆ ಒಂದು ಮಾತು. ಆ ವಿಡಿಯೊಗಳ 9 ಎಂಎಂ ಪಿಸ್ತೂಲು, .223 ರೈಫಲ್ ಚರ್ಚೆಯಿಂದ ನಮಗೆ ಪ್ರಯೋಜನ ಕಡಿಮೆ. ಇಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿರುವುದು .32 ರಿವಾಲ್ವರ್, .32 ಪಿಸ್ತೂಲು, .22, 12 ಬೋರ್, ಕೆಲವರಲ್ಲಿ .315 ರೈಫಲ್.

.32 ರಿವಾಲ್ವರ್ ತೋಟಾ ಸೆಕೆಂಡಿಗೆ ಸುಮಾರು 215 ಮೀಟರ್ ವೇಗದ್ದು, ಶಕ್ತಿ 150 ಜೌಲ್ ಆಸುಪಾಸು. .32 ಪಿಸ್ತೂಲಿನ ಗುಂಡು ಹಗುರ, 4.6 ಗ್ರಾಂ, ಆದರೆ ವೇಗ ಜಾಸ್ತಿ. 170 ಜೌಲ್ ಮೇಲೆ ಬರುತ್ತದೆ. ಇವೆರಡನ್ನೂ ಸಣ್ಣ ಗುಂಡು ಎಂದು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಜಿಪ್ಸಮ್ ಪಾರ್ಟಿಶನ್ ಒಂದಲ್ಲ, ಎರಡು ದಾಟಿದರೂ ಆಚೆ ನಿಂತವರ ಪ್ರಾಣ ತೆಗೆಯುವಷ್ಟು ಅದರಲ್ಲಿ ಉಳಿದಿರುತ್ತದೆ.

12 ಬೋರ್‌ನ ಎಲ್‌ಜಿ ತೋಟಾದಲ್ಲಿ 9 ಮಿ.ಮೀ. ದಪ್ಪದ ಆರು ಉಂಡೆ ಇರುತ್ತವೆ. ಒಂದೊಂದು ಉಂಡೆ ನಾಲ್ಕು ಗ್ರಾಂ ಮೇಲಿದೆ, ನಳಿಗೆ ಬಿಡುವಾಗ ಒಂದೊಂದಕ್ಕೂ ಸುಮಾರು 300 ಜೌಲ್. ಅಂದರೆ ಒಂದು ಉಂಡೆಯೇ .32 ಗುಂಡಿನ ಹತ್ತಿರ ಹತ್ತಿರ ಎರಡು ಪಟ್ಟು, ಅಂಥವು ಆರು ಒಟ್ಟಿಗೆ. ಕಾಡುಹಂದಿಗೆಂದು ತೋಟದ ಮನೆಯಲ್ಲಿ ಇಟ್ಟ ತೋಟಾವನ್ನೇ ಬೆಂಗಳೂರಿನ ಫ್ಲಾಟಿಗೂ ತಂದಿಟ್ಟುಕೊಳ್ಳುವುದು ನಮ್ಮ ಮಲೆನಾಡು, ಕೊಡಗಿನ ಕಡೆಯವರಲ್ಲಿ ಮಾಮೂಲು. ಕಾಫಿ ತೋಟದಲ್ಲಿ ತಪ್ಪಿದ ಉಂಡೆ ಮಣ್ಣಿಗೆ ಹೋಗುತ್ತದೆ. ಇಲ್ಲಿ ತಪ್ಪಿದ್ದು ಪಕ್ಕದ ರೂಮಿಗೆ ಹೋಗುತ್ತದೆ.

.315 ರೈಫಲ್ ಬಗ್ಗೆ ಒಂದೇ ಮಾತು, ಅದನ್ನು ಮನೆಯೊಳಗೆ ಯೋಚಿಸಲೇಬೇಡಿ. ಮೂರು ಸಾವಿರ ಜೌಲ್ ಮೇಲಿನ ಮಾತು ಅದು. ಎಎಸಿ, ಟೊಳ್ಳು ಬ್ಲಾಕ್ ಅದಕ್ಕೆ ಗೋಡೆಯೇ ಅಲ್ಲ. 4 ಇಂಚಿನ ಸಾಲಿಡ್ ಬ್ಲಾಕಿನಲ್ಲಿ ಗುಂಡು ದಾಟದಿದ್ದರೂ ಗೋಡೆಯ ಹಿಂಬದಿ ಸಿಡಿದು ಚೂರುಗಳು ಹಾರುತ್ತವೆ.

ಬಸವನಗುಡಿ_ಸಂಜೆ:
ಹಾಗಾದ್ರೆ ಕೋವಿಗೆ ಸಣ್ಣ ಚರೆ (ಸೀಸದ ಸಣ್ಣ ಕಾಳು) ಹಾಕಿದ್ರೆ ಆಯ್ತಲ್ವಾ ಅಣ್ಣ? 6 ನಂಬರ್, 8 ನಂಬರ್. ಗೋಡೆ ದಾಟಲ್ಲ ಅಂತ ಎಲ್ಲರೂ ಹೇಳ್ತಾರೆ.

ಜೋಡುನಳಿಗೆ:
ಅರ್ಧ ಸರಿ. ಸಣ್ಣ ಚರೆ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಬಿಡಿಬಿಡಿಯಾಗಿ ತಗುಲಿದರೆ ಒಳಗೆ ಹೋಗುವುದೂ ಕಡಿಮೆ. ಆದರೆ ಮನೆಯೊಳಗೆ ಅದು ಬಿಡಿಯಾಗುವಷ್ಟು ದೂರ ಎಲ್ಲಿದೆ? ಮೂರು ಅಡಿ ದೂರಕ್ಕೆ ಹೆಚ್ಚೂಕಮ್ಮಿ ಒಂದು ಇಂಚು ಹರಡುತ್ತದೆ ಎಂಬುದು ಹಳೆಯ ಅಂದಾಜು. ನಿಮ್ಮ ಹತ್ತು ಅಡಿಯ ರೂಮಿನಲ್ಲಿ ಇಡೀ 30 ಗ್ರಾಂ ಚರೆ ಒಂದು ಹಿಡಿಯಷ್ಟು ಜಾಗಕ್ಕೆ ಬಂದು ಅಪ್ಪಳಿಸುತ್ತದೆ. ಆರು ಅಡಿಯಲ್ಲಂತೂ ಒಂದೇ ಮುದ್ದೆ. ಆ ದೂರದಲ್ಲಿ ಜಿಪ್ಸಮ್ ಹಲಗೆಗೂ ಫ್ಲಶ್ ಡೋರ್‌ಗೂ ಅದು ಒಂದೇ ತೂತು ಮಾಡಿ ಆಚೆ ಹೋಗುತ್ತದೆ, ತೋಟಾದೊಳಗೆ ಚರೆಯ ಹಿಂದೆ ಇರುವ ಬಿರಡೆ, ಅಂದರೆ ವ್ಯಾಡ್ ಕೂಡ ಹಿಂದೆಯೇ ತೂರುತ್ತದೆ. ಬ್ಲಾಕ್ ಗೋಡೆಗೆ ಮಾತ್ರ ಅದು ಏನೂ ಮಾಡದು, ಪ್ಲಾಸ್ಟರ್ ಕಿತ್ತು ಸೀಸದ ಕಲೆ ಬಿಡುತ್ತದೆ ಅಷ್ಟೆ.

ಇನ್ನೊಂದು ಕಡೆಯೂ ಇದೆ. ಹಾಲ್‌ನ ಆ ತುದಿಯಿಂದ ಈ ತುದಿಗೆ 20-25 ಅಡಿ ಇದ್ದರೆ ಇದೇ ಸಣ್ಣ ಚರೆ ಚರ್ಮ ಹರಿದು ರಕ್ತ ಬರಿಸುತ್ತದೆ, ಬರುವವನನ್ನು ನಿಲ್ಲಿಸುತ್ತದೆಂದು ಹೇಳಲಾಗದು. ಗೋಡೆ ದಾಟದ, ಆದರೆ ಮನುಷ್ಯನನ್ನು ಖಂಡಿತ ನಿಲ್ಲಿಸುವ ತೋಟಾ ಯಾವುದೂ ಇಲ್ಲ. ಮೈಯೊಳಗೆ ಇಳಿಯುವ ಶಕ್ತಿ ಇರುವುದೆಲ್ಲ ಜಿಪ್ಸಮ್ ಹಲಗೆಯನ್ನೂ ದಾಟುತ್ತದೆ. ಹಾಲೋ ಪಾಯಿಂಟ್, ಅಂದರೆ ಮೈಗೆ ತಗುಲಿದಾಗ ಅರಳಲೆಂದು ಮೂತಿಯಲ್ಲಿ ಕುಳಿ ಮಾಡಿದ ಗುಂಡು ಕೂಡ ಹಾಗೆಯೇ. ಅದರ ಮೂತಿಯ ಕುಳಿಗೆ ಜಿಪ್ಸಮ್ ಪುಡಿ ತುಂಬಿಕೊಂಡರೆ ಅರಳದೆ, ಸಾದಾ ಗುಂಡಿನ ಹಾಗೆಯೇ ಮುಂದೆ ಹೋಗುತ್ತದೆ.

ಹಾಗಾಗಿ ರಾಜಾಜಿನಗರದವರೇ, ತೋಟಾ ಬದಲಿಸಿ ಈ ತೊಂದರೆ ಬಗೆಹರಿಸಲು ಹೊರಡಬೇಡಿ. ಕೋವಿ ಯಾವ ದಿಕ್ಕಿಗೆ ತಿರುಗಬಹುದು, ಯಾವ ದಿಕ್ಕಿಗೆ ಎಂದಿಗೂ ತಿರುಗಬಾರದು, ಅದನ್ನು ಗೊತ್ತುಮಾಡಿ.

ಬಾಗಿಲು_ಚಿಲಕ:
ಬಾಗಿಲ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತೀನಿ. ನಮ್ಮೂರಿನ ಮನೆಗಳಲ್ಲಿ ಗುಂಡು ದಾಟೋದು ಗೋಡೇಲಿ ಅಲ್ಲ, ಬಾಗಿಲಲ್ಲಿ.

ಬೆಡ್‌ರೂಮಿಗೆ ಹಾಕೋ ಫ್ಲಶ್ ಡೋರ್ 30 ಅಥವಾ 32 ಮಿ.ಮೀ. ಒಳ್ಳೇದಾದ್ರೆ ಒಳಗೆ ಮರದ ಪಟ್ಟಿ ತುಂಬಿರ್ತಾರೆ. ಅಗ್ಗದ್ದು, ಮೆಂಬ್ರೇನ್ ಬಾಗಿಲು ಇವುಗಳಲ್ಲಿ ಒಳಗೆ ಜೇನುಗೂಡಿನಂಥ ರಟ್ಟು ಅಥವಾ ಖಾಲಿ. ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಡೊಳ್ಳು ಬಡಿದ ಹಾಗೆ ಕೇಳುತ್ತೆ. ಬಾತ್‌ರೂಮ್ ಪಿವಿಸಿ ಬಾಗಿಲು ಬಿಡಿ, ಅದಕ್ಕೆ ಲೆಕ್ಕಾನೇ ಇಲ್ಲ. ಮುಂಬಾಗಿಲು ತೇಗದ್ದೇ ಆದ್ರೂ ಮಧ್ಯದ ದಿಲ್ಲೆಗಳು ಚೌಕಟ್ಟಿಗಿಂತ ತೆಳು. ಮೇಲೆ ಎಷ್ಟೇ ಕೆತ್ತನೆ ಇರಲಿ, .32 ಗುಂಡಿಗೆ ಅದು ಅಡ್ಡಿಯಾಗುತ್ತೆ ಅಂತ ನಂಬಬೇಡಿ.

ಈಗ ಬಾಗಿಲಿನ ಸಾಲು ನೋಡಿ. ಫ್ಲಾಟ್‌ಗಳಲ್ಲಿ ಜಾಗ ಉಳಿಸೋಕೆ ಎರಡು ಬೆಡ್‌ರೂಮಿನ ಬಾಗಿಲನ್ನು ಒಂದೇ ಸಣ್ಣ ಪ್ಯಾಸೇಜಿಗೆ ಎದುರುಬದುರು ಇಟ್ಟಿರ್ತಾರೆ. ಈ ಬಾಗಿಲಿಂದ ಹೊರಟಿದ್ದು ಆ ಬಾಗಿಲು ದಾಟಿ ಸೀದಾ ಮಂಚಕ್ಕೆ. ಮುಂಬಾಗಿಲೂ ಅಷ್ಟೇ, ಕಾರಿಡಾರ್ ದಾಟಿ ಎದುರು ಮನೆ ಹಾಲ್‌ಗೆ. ಮುಚ್ಚಿದ ಬಾಗಿಲ ಮೂಲಕ ಗುಂಡು ಹಾರಿಸೋದನ್ನು ಯಾವ ಕಾಲಕ್ಕೂ ಮಾಡಬೇಡಿ. ಆಚೆ ನಿಂತಿರೋದು ಕಳ್ಳನೋ, ವಾಚ್‌ಮನ್ನೋ, ಸದ್ದು ಕೇಳಿ ಸಹಾಯಕ್ಕೆ ಬಂದ ಎದುರು ಮನೆಯವರೋ ನಿಮಗೆ ಕಾಣಲ್ಲ.

ಅದರ ಬದಲು ಬಾಗಿಲನ್ನು ತಡ ಮಾಡೋ ಹಾಗೆ ಮಾಡ್ಕೊಳ್ಳಿ. ಬಾಗಿಲು ಒದ್ದಾಗ ಮುರಿಯೋದು ಹಲಗೆ ಅಲ್ಲ, ಬೀಗದ ನಾಲಿಗೆ ಕೂರೋ ಚೌಕಟ್ಟಿನ ಜಾಗ. ಅಲ್ಲಿ ಅರ್ಧ ಇಂಚು, ಮುಕ್ಕಾಲು ಇಂಚಿನ ಸ್ಕ್ರೂ ಹಾಕಿ ಕೈತೊಳ್ಕೊಂಡಿರ್ತಾರೆ. ಆ ತಗಡನ್ನು ತೆಗೆದು 2 ಮಿ.ಮೀ. ದಪ್ಪದ, ಎಂಟು-ಹತ್ತು ಇಂಚು ಉದ್ದದ ಸ್ಟೀಲ್ ಪಟ್ಟಿ ಹಾಕಿ. ಮೂರು ಇಂಚಿನ ಸ್ಕ್ರೂ ಚೌಕಟ್ಟು ದಾಟಿ ಗೋಡೆಗೆ ಹೋಗಬೇಕು, ಗೋಡೆಯೊಳಗೆ ಪ್ಲಗ್ ಇರಬೇಕು. ಹಿಂಜ್‌ಗೂ ಒಂದೊಂದು ಉದ್ದ ಸ್ಕ್ರೂ. ಮೇಲೊಂದು ಕೆಳಗೊಂದು ಟವರ್ ಬೋಲ್ಟ್. ಮುಂಬಾಗಿಲ ಹೊರಗೆ ಕಬ್ಬಿಣದ ಸೇಫ್ಟಿ ಡೋರ್. ಇಷ್ಟಾದ್ರೆ ಒಳಗೆ ಬರೋಕೆ ನಿಮಿಷಗಟ್ಟಲೆ ಸದ್ದು ಮಾಡಬೇಕು, ಅಷ್ಟರಲ್ಲಿ ನೀವು 112ಕ್ಕೆ ಫೋನ್ ಮಾಡಿರ್ತೀರಿ, ಪೊಲೀಸರ ಹೊಯ್ಸಳ ಗಾಡಿ ಹೊರಟಿರುತ್ತೆ.

ಗುರಿ_ಪಾಠ:
ಬಾಗಿಲು_ಚಿಲಕ ಅವರ ಮಾತಿಗೆ ನನ್ನ ಪೂರ್ತಿ ಸಮ್ಮತಿ. ಇದುವರೆಗೆ ಬರದ ಒಂದು ವಿಷಯ ಸೇರಿಸುತ್ತೇನೆ: ಗೋಡೆ ತಡೆದ ಗುಂಡು ಆಮೇಲೆ ಏನಾಗುತ್ತದೆ?

ಗಟ್ಟಿ ಗೋಡೆಗೆ ನೇರವಾಗಿ ಬಡಿದ ಗುಂಡು ಚಪ್ಪಟೆಯಾಗುತ್ತದೆ, ಸೀಸದ ಚೂರೂ ಪ್ಲಾಸ್ಟರ್ ಚೂರೂ ಹಿಂದಕ್ಕೆ ಸಿಡಿಯುತ್ತವೆ, ಕಣ್ಣಿಗೆ ಅಪಾಯ. ಓರೆಯಾಗಿ ಬಡಿದದ್ದರ ಕತೆ ಬೇರೆ. ಕಾಂಕ್ರೀಟ್, ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್‌ಗೆ ತೀರಾ ಓರೆಯಾಗಿ ತಗುಲಿದ ಗುಂಡು ಬಂದ ಕೋನದಲ್ಲೇ ಹೊರಳುವುದಿಲ್ಲ. ಅದಕ್ಕಿಂತ ಕಡಿಮೆ ಕೋನದಲ್ಲಿ, ಮೇಲ್ಮೈಗೆ ಅಂಟಿದಂತೆ ಸಾಗುತ್ತದೆ. ಕ್ಯಾರಂ ಕಾಯಿನ್ ಹಾಗೆ ಪುಟಿಯುತ್ತದೆಂದು ಅಂದುಕೊಂಡವರು ಮೋಸ ಹೋಗುವುದು ಇಲ್ಲೇ. ಪ್ಯಾಸೇಜಿನಲ್ಲಿ ಗೋಡೆಗೆ ಬೆನ್ನು ಅಂಟಿಸಿ ನಿಂತವರಿಗೆ ಅದೇ ಗೋಡೆಯುದ್ದಕ್ಕೂ ಗುಂಡು ಬರುತ್ತದೆ. ನೆಲಕ್ಕೆ ಓರೆಯಾಗಿ ಬಡಿದ ಎಲ್‌ಜಿ ಉಂಡೆ ಟೈಲ್ಸ್ ಮೇಲೆ ಜಾರಿ, ಬಾಗಿಲ ಕೆಳಗಿನ ಸಂದಿನಲ್ಲೋ ಬಾಗಿಲಿನ ಅಡಿಭಾಗವನ್ನು ಸೀಳಿಯೋ ಆಚೆ ಹೋಗುತ್ತದೆ. ಮಕ್ಕಳನ್ನು ನೆಲದ ಮೇಲೆ ಮಲಗಿಸಿಬಿಟ್ಟರೆ ಸಾಕು ಎಂಬುದು ಅದಕ್ಕೇ ಸಾಲದು. ಅವರು ಇರಬೇಕಾದದ್ದು ಗಟ್ಟಿ ಗೋಡೆಯ ಹಿಂದೆ, ಬಾಗಿಲಿನ ನೇರಕ್ಕೆ ಸಿಗದ ಮೂಲೆಯಲ್ಲಿ, ಗೋಡೆಯಿಂದ ಒಂದಡಿ ಈಚೆಗೆ.

ಮನೆಯ ನಕ್ಷೆ ಹಾಕುವ ಕ್ರಮ ಹೀಗೆ. ಕೋವಿ, ತೋಟಾ ಎರಡೂ ಬೀರುವಿನಲ್ಲೇ ಇರಲಿ. ಅಳತೆಯ ಕೆಲಸಕ್ಕೆ ಆಯುಧ ಹೊರಗೆ ಬರುವ ಅಗತ್ಯವಿಲ್ಲ. ಟೈಲ್ಸ್ ಕೆಲಸದವರು ಬಳಸುವ ಹಸಿರು ಲೇಸರ್ ಲೆವೆಲ್ ಬಾಡಿಗೆಗೆ ತನ್ನಿ, ಇಲ್ಲವೇ ಒಂದು ದಾರದ ಉಂಡೆ ಸಾಕು. ರಾತ್ರಿ ನೀವು ನಿಲ್ಲುವ ಜಾಗ ಒಂದೇ ಇರಲಿ, ಮಲಗುವ ರೂಮಿನ ಒಳಗೆ, ಮಂಚದ ಆಚೆ ಬದಿ. ಅಲ್ಲಿಂದ ಎದೆಮಟ್ಟಕ್ಕೆ ದಾರ ಹಿಡಿದು ರೂಮಿನ ಬಾಗಿಲಿನ ಎಡ ಅಂಚಿಗೆ ಒಂದು, ಬಲ ಅಂಚಿಗೆ ಒಂದು ಎಳೆದು ಆಚೆ ಎಲ್ಲಿ ಮುಟ್ಟುತ್ತದೆಂದು ನೋಡಿ. ಆ ಎರಡು ದಾರದ ನಡುವೆ ಬರುವ ಪ್ರತಿಯೊಂದನ್ನೂ ಬರೆದುಕೊಳ್ಳಿ: ಎಷ್ಟು ಇಂಚಿನ ಗೋಡೆ, ಯಾವ ಬಾಗಿಲು, ಎಲ್ಲಿ ಕಿಟಕಿ, ಎಲ್ಲಿ ಸ್ವಿಚ್ ಬೋರ್ಡ್. ಮುಕ್ತಾಯದಲ್ಲಿ ಗಟ್ಟಿ ಗೋಡೆ, ಆ ಗೋಡೆಯ ಆಚೆ ಯಾರೂ ಮಲಗದ ಜಾಗ, ಇಂಥ ಒಂದು ಸಾಲಾದರೂ ಸಿಗುವವರೆಗೆ ನಿಲ್ಲುವ ಜಾಗವನ್ನೂ ಮಂಚವನ್ನೂ ಬದಲಿಸಿ. ಕಿಟಕಿ ಸಿಕ್ಕರೆ ಆ ಸಾಲನ್ನು ಅಳಿಸಿಬಿಡಿ. 30×40 ಸೈಟುಗಳಲ್ಲಿ ಪಕ್ಕದ ಮನೆಯ ಕಿಟಕಿ ಐದಾರು ಅಡಿ ದೂರದಲ್ಲಿದೆ, ನಡುವೆ ಇರುವುದು ನಿಮ್ಮ 5 ಮಿ.ಮೀ. ಗಾಜು ಮತ್ತು ಅವರ 5 ಮಿ.ಮೀ. ಗಾಜು.

ರೂಮಿನಿಂದ ಹೊರಗೆ ಹೋಗಿ ಹುಡುಕಾಡುವ ಯೋಚನೆ ಬೇಡ. ಹೊರಗೆ ಒಂದು ಹೆಜ್ಜೆ ಇಟ್ಟ ಕೂಡಲೇ ಎಳೆದ ದಾರಗಳೆಲ್ಲ ಸುಳ್ಳಾಗುತ್ತವೆ.

ಎಚ್‌ಎಸ್‌ಆರ್_ಸೆಕ್ಟರ್2:
ಎಎಸಿ ಗೋಡೆ ಬಗ್ಗೆ ಗಾರೆಮನೆಯವರು ಹೆಚ್ಚು ಹೆದರಿಸ್ತಿದ್ದಾರೆ ಅನ್ಸುತ್ತೆ. 8 ಇಂಚಿನ ಎಎಸಿ .32 ಗುಂಡನ್ನು ತಡೆಯುತ್ತೆ.

ಗಾರೆಮನೆ:
8 ಇಂಚಿನದ್ದು ತಡೆಯುತ್ತೆ, ಒಪ್ಪಿದೆ. ಆದರೆ 8 ಇಂಚು ಹಾಕೋದು ಹೊರಗೋಡೆಗೆ. ಒಳಗೆ ಹಾಕೋದು 4 ಇಂಚು, ಅದರಲ್ಲೂ ಪೈಪ್ ಹೂಳೋಕೆ ಒಂದಿಂಚು ಕೊರೆದಿರ್ತಾರೆ. ಸಾಲಿಡ್ ಬ್ಲಾಕಿನ ಸಾಂದ್ರತೆ ಘನ ಮೀಟರ್‌ಗೆ 1800 ಕೆ.ಜಿ. ಮೇಲಿದ್ದರೆ ಎಎಸಿ 600 ಆಸುಪಾಸು. ತಾಕತ್ತೂ ಅದಕ್ಕೆ ತಕ್ಕ ಹಾಗೇ, ಚದರ ಮಿ.ಮೀ.ಗೆ 3-4 ನ್ಯೂಟನ್. ಎಎಸಿ ಒಳಗೆ ಗುಂಡು ಪುಡಿ ಮಾಡ್ತಾ ಕೊರೀತಾ ಹೋಗುತ್ತೆ. ಅದರ ಒಂದು ಒಳ್ಳೇ ಗುಣ ಅಂದ್ರೆ ಗುಂಡು ಹಿಂದಕ್ಕೆ ಸಿಡಿಯೋದು ಕಮ್ಮಿ. ಆದರೆ ಮಕ್ಕಳು ಮಲಗೋ ಕಡೆ 4 ಇಂಚಿನ ಎಎಸಿಯನ್ನು ತಡೆಗೋಡೆ ಅಂತ ನಾನು ಬರೆದುಕೊಡಲ್ಲ.

ಸಾಲಿಡ್ ಬ್ಲಾಕ್ ಅಂದ ಮಾತ್ರಕ್ಕೂ ಮುಗೀಲಿಲ್ಲ. ಗೋಡೆಯಲ್ಲಿ ಬ್ಲಾಕ್ ಎಷ್ಟು ಗಟ್ಟಿ ಅನ್ನೋದಕ್ಕಿಂತ ಎಲ್ಲಿ ಬ್ಲಾಕೇ ಇಲ್ಲ ಅನ್ನೋದು ಮುಖ್ಯ. ಪಕ್ಕಪಕ್ಕದ ಬ್ಲಾಕ್‌ಗಳ ನಡುವಿನ ನಿಂತ ಸಂದಿಗೆ ಗಾರೆಯವರು ಪೂರ್ತಿ ಗಾರೆ ತುಂಬಲ್ಲ, ಮುಂದೆ ಹಿಂದೆ ಮೆತ್ತಿ ಬಿಡ್ತಾರೆ, ಒಳಗೆ ಖಾಲಿ. ಗೋಡೆಯ ಮೇಲ್ತುದಿ ತೊಲೆಗೆ ಸೇರೋ ಕಡೆ ಒಂದೆರಡು ಇಂಚು ಉಳಿಯುತ್ತೆ, ಅಲ್ಲಿಗೆ ಒಡೆದ ಬ್ಲಾಕ್ ಚೂರು, ಸಿಮೆಂಟ್ ಚೀಲದ ಕಾಗದ ತುರುಕಿ ಚಿಕನ್ ಮೆಶ್ ಹೊಡೆದು ಪ್ಲಾಸ್ಟರ್ ಮಾಡಿಬಿಡ್ತಾರೆ. ಹೊರಗಿನಿಂದ ನೋಡಿದರೆ ಒಂದೇ ಗೋಡೆ.

ಎಲ್ಲಕ್ಕಿಂತ ಕೆಟ್ಟದ್ದು ಸ್ವಿಚ್ ಬಾಕ್ಸ್. ಎಂಟು ಮಾಡ್ಯೂಲ್ ಬೋರ್ಡ್‌ನ ಮುಂದಿನ ತಟ್ಟೆ ಬಿಚ್ಚಿ ನೋಡಿ. ಒಳಗೆ 2 ಇಂಚು ಆಳದ ತಗಡಿನ ಡಬ್ಬಿ, ಅದರ ಹಿಂದೆ 4 ಇಂಚಿನ ಬ್ಲಾಕಿನಲ್ಲಿ ಉಳಿದಿರೋದು 2 ಇಂಚು, ಅದೂ ಉಳಿ-ಸುತ್ತಿಗೆ ಏಟಿಗೆ ಬಿರುಕು ಬಿಟ್ಟಿರೋದು. ಮಂಚದ ತಲೆಹತ್ತಿರ ಆ ಕಡೆ ಒಂದು, ಈ ಕಡೆ ಒಂದು ಬೋರ್ಡ್ ಬೆನ್ನಿಗೆ ಬೆನ್ನು ಇಟ್ಟಿದ್ದರೆ ಮಧ್ಯೆ ಗೋಡೆಯೇ ಇಲ್ಲ. ಒಂದು ಡಬ್ಬಿಯ ಪಕ್ಕದ ತೂತಿನಿಂದ ಟಾರ್ಚ್ ಬಿಟ್ಟರೆ ಇನ್ನೊಂದು ರೂಮಿನಲ್ಲಿ ಬೆಳಕು ಕಾಣುತ್ತೆ. ನೆಲದಿಂದ ಎಷ್ಟು ಎತ್ತರ ಅಂತಲೂ ಗಮನಿಸಿ: ಬಾಗಿಲ ಪಕ್ಕದ್ದು ನಾಲ್ಕಡಿ, ಅಂದ್ರೆ ನಿಂತವರ ಎದೆಮಟ್ಟ. ಮಂಚದ ಪಕ್ಕದ್ದು ಎರಡು ಅಡಿ, ಅಂದ್ರೆ ಮಲಗಿದವರ ತಲೆ.

ಕಾನೂನು_ಕಡತ:
ಕಾನೂನಿನ ಅಂಶವನ್ನು ಚುಟುಕಾಗಿ ಹೇಳುತ್ತೇನೆ. ಇದು ಗೋಡೆಯ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಖಾಸಗಿ ರಕ್ಷಣೆಯ ಹಕ್ಕು 34ರಿಂದ 44ನೇ ಕಲಮುಗಳಲ್ಲಿ ಬರುತ್ತದೆ. ಸ್ವತ್ತಿನ ರಕ್ಷಣೆಗಾಗಿ ಪ್ರಾಣಹಾನಿಯವರೆಗೆ ಹೋಗಬಹುದಾದ ಸಂದರ್ಭಗಳನ್ನು 41ನೇ ಕಲಮು ಹೇಳುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಮನೆಗನ್ನ ಅದರಲ್ಲಿ ಸೇರಿದೆ. ಆದರೆ 37ನೇ ಕಲಮಿನ ಮಿತಿ ಎಲ್ಲಕ್ಕೂ ಅನ್ವಯ: ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ.

ನಿರಪರಾಧಿಗೆ ಅಪಾಯವಾಗುವ ಪ್ರಶ್ನೆ 44ನೇ ಕಲಮಿನಲ್ಲಿದೆ. ಪ್ರಾಣಭಯ ಹುಟ್ಟಿಸುವ ಹಲ್ಲೆ ನಡೆದಿದ್ದು, ನಿರಪರಾಧಿಗೆ ಅಪಾಯ ತಾರದೆ ರಕ್ಷಿಸಿಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ, ಆ ಅಪಾಯಕ್ಕೂ ಹಕ್ಕು ವಿಸ್ತರಿಸುತ್ತದೆ. ಇದನ್ನು ಓದಿ ಧೈರ್ಯ ತಂದುಕೊಳ್ಳಬೇಡಿ. ಬೇರೆ ದಾರಿ ಇರಲಿಲ್ಲ ಎಂಬುದೇ ಅಲ್ಲಿ ಪರೀಕ್ಷೆಗೆ ಒಳಗಾಗುವ ಸಂಗತಿ. ಮುಚ್ಚಿದ ಬಾಗಿಲಿಗೆ, ಓಡಿಹೋಗುತ್ತಿರುವವನ ಬೆನ್ನಿಗೆ ಹಾರಿಸಿದ ಗುಂಡು ಎದುರು ಮನೆಯವರಿಗೆ ತಗುಲಿದರೆ ಈ ಕಲಮು ನೆರವಿಗೆ ಬರುವುದು ಕಷ್ಟ. ಆಗ ನಿರ್ಲಕ್ಷ್ಯದಿಂದಾದ ಸಾವಿಗೆ 106ನೇ ಕಲಮು, ಐದು ವರ್ಷದವರೆಗೆ ಶಿಕ್ಷೆ. ಯಾರಿಗೂ ತಗುಲದಿದ್ದರೂ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಬಂದೂಕನ್ನು ನಿರ್ಲಕ್ಷ್ಯದಿಂದ ಬಳಸುವುದೇ 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿನಡಿ ಅಪರಾಧ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಹೆದರಿಸಲು ಗಾಳಿಯಲ್ಲಿ ಗುಂಡು ಹಾರಿಸುವ ಯೋಚನೆ ಇರುವವರು ಇದನ್ನು ನೆನಪಿಡಿ. ಫ್ಲಾಟ್‌ನಲ್ಲಿ ಗಾಳಿ ಎಂದರೆ ಮೇಲಿನವರ ನೆಲ.

ರಾಜಾಜಿನಗರ_ನಿವಾಸಿ:
ಎಲ್ಲರಿಗೂ ಧನ್ಯವಾದ. ಅಳತೆ ಹೀಗಿದೆ. ಎರಡು ಬೆಡ್‌ರೂಮಿನ ನಡುವಿನ ಗೋಡೆ 128 ಮಿ.ಮೀ., ಪುಡಿ ಬೂದು, ಜಲ್ಲಿ ಸಿಕ್ಕಿತು. ಗೋಡೆಯ ಅಗಲ ಹತ್ತಡಿ. ಮಂಚದ ತಲೆಭಾಗದಲ್ಲಿ ಬೋರ್ಡ್‌ಗಳು ಬೆನ್ನಿಗೆ ಬೆನ್ನು, ಟಾರ್ಚ್ ಬೆಳಕು ಆಚೆ ಕಾಣುತ್ತೆ. ದಾರ ಎಳೆದಾಗ ರೂಮಿನ ಬಾಗಿಲಿನ ಬಲ ಅಂಚಿನ ಸಾಲು ಮಕ್ಕಳ ರೂಮಿನ ಬಾಗಿಲಿಗೆ, ಎಡ ಅಂಚಿನ ಸಾಲು ಅಡುಗೆಮನೆಯ ಹೊರಗೋಡೆಗೆ ಹೋಗುತ್ತೆ. ಜಿಪ್ಸಮ್ ಆಫೀಸ್ ರೂಮಿನಲ್ಲಿ ಊರಿಂದ ಬಂದವರು ಮಲಗ್ತಾರೆ. ಆ ಪಾರ್ಟಿಶನ್ ತೆಗೆದು ಬ್ಲಾಕ್ ಗೋಡೆ ಕಟ್ಟಿಸಬಹುದಾ? ಸ್ಟೀಲ್ ಬೀರು ಅಡ್ಡ ಇಟ್ಟರೆ ಸಾಕಾ?

ಗಾರೆಮನೆ:
ಬೀರು ಸಾಲದು. ಅದರ ತಗಡು ಒಂದು ಮಿ.ಮೀ. ಕೂಡ ಇರಲ್ಲ, ಒಳಗಿರೋ ಸೀರೆ, ಬಟ್ಟೆ ಗುಂಡಿಗೆ ಅಡ್ಡಿ ಆಗಲ್ಲ. ಫ್ರಿಜ್, ವಾಷಿಂಗ್ ಮೆಷಿನ್, ಹಾಸಿಗೆ ಇವೂ ಲೆಕ್ಕಕ್ಕಿಲ್ಲ. ಕಿಚನ್‌ನ ಮುಕ್ಕಾಲು ಇಂಚು ಗ್ರಾನೈಟ್ ಒಂದು ಏಟಿಗೆ ಬಿರುಕು ಬಿಟ್ಟು ಚೂರಾಗುತ್ತೆ.

ಬ್ಲಾಕ್ ಗೋಡೆ ಕಟ್ಟೋ ಮುಂಚೆ ತೂಕ ನೋಡಿ. ಹತ್ತಡಿ ಅಗಲ ಹತ್ತಡಿ ಎತ್ತರಕ್ಕೆ 16×8 ಇಂಚಿನ ಬ್ಲಾಕ್ ಸುಮಾರು 110 ಬೇಕು, ಒಂದೊಂದು 16 ಕೆ.ಜಿ. ಗಾರೆ, ಎರಡು ಕಡೆ ಪ್ಲಾಸ್ಟರ್ ಸೇರಿಸಿದರೆ ಒಟ್ಟು 2.3 ಟನ್ ಹತ್ತಿರ ಬರುತ್ತೆ. ಜಿಪ್ಸಮ್ ಪಾರ್ಟಿಶನ್ ಇದ್ದಿದ್ದು ಅದರ ಹತ್ತನೇ ಒಂದು ಪಾಲು. ಕೆಳಗೆ ತೊಲೆ ಇಲ್ಲದೆ ಬರೀ ಮೌಲ್ಡ್ ಮೇಲೆ ಅಷ್ಟು ತೂಕ ಒಂದೇ ಗೆರೆಗೆ ಕೂರಿಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆ ನೋಡಿ ಒಪ್ಪಿದರೆ ಮಾತ್ರ, ಅಸೋಸಿಯೇಶನ್‌ನ ಒಪ್ಪಿಗೆಯೂ ಬೇಕು. ಒಪ್ಪದಿದ್ದರೆ ಸುಲಭದ ದಾರಿ: ಅತಿಥಿಗಳನ್ನು ಆಫೀಸ್ ರೂಮಿನಲ್ಲಿ ಮಲಗಿಸಬೇಡಿ, ಅಲ್ಲಿಗೆ ನಿಮ್ಮ ಮೇಜು ಕುರ್ಚಿ ಇರಲಿ.

ಪುಸ್ತಕ ಜಾಸ್ತಿ ಇದ್ದರೆ ಪಾರ್ಟಿಶನ್‌ಗೆ ಒತ್ತಿ ಕಪಾಟು ಮಾಡಿಸಿ. ಬಿಗಿಯಾಗಿ ಜೋಡಿಸಿದ ಪುಸ್ತಕ, ಎಂಟು ಇಂಚು ಆಳ ಇದ್ದರೆ, .32 ಗುಂಡನ್ನು ಹಿಡಿದಿಡುತ್ತೆ. ಆದರೆ ಸಾಲಿನ ಮೇಲೆ ಬಿಡೋ ಎರಡು-ಮೂರು ಇಂಚು ಖಾಲಿ ಜಾಗ, ಗೊಂಬೆ ಇಡೋಕೆ ಬಿಟ್ಟ ಗೂಡು, ಅಲ್ಲೆಲ್ಲ ತೂತೇ. ಎಲ್‌ಜಿಗೆ ಇದನ್ನು ನೆಚ್ಚಬೇಡಿ.

ಜೋಡುನಳಿಗೆ:
ಬಲ ಅಂಚಿನ ಸಾಲು ಮಕ್ಕಳ ಬಾಗಿಲಿಗೆ ಹೋಗುತ್ತದೆ ಎಂದಿರಿ. ಹಾಗಿದ್ದರೆ ಆ ರೂಮಿನಿಂದ 12 ಬೋರ್ ಬೇಡವೇ ಬೇಡ. ನಿಂತ ಜಾಗದಿಂದ ಬಾಗಿಲಿಗೆ ಎಂಟು-ಒಂಬತ್ತು ಅಡಿ ಇರಬಹುದು, ಬಾಗಿಲ ಚೌಕಟ್ಟಿಗೆ ಒಂದು ಉಂಡೆ ತಗುಲಿ ತಿರುಗಿದರೂ ಅದೇ ದಿಕ್ಕು. ಕೋವಿಯನ್ನು ತೋಟಾದಿಂದ ಬೇರೆಯಾಗಿ, ಬೀಗದ ಬೀರುವಿನಲ್ಲಿ ಇಡಿ. ಮಕ್ಕಳಿರುವ ಮನೆಯಲ್ಲಿ ಬೀಗದ ಕೈ ದೇವರ ಗೂಡಿನಲ್ಲೋ ಹಾಸಿಗೆ ಕೆಳಗೋ ಇಡುವ ರೂಢಿಯನ್ನು ಇವತ್ತೇ ಬಿಡಿ.

ಗುರಿ_ಪಾಠ:
ಮಂಚ ಕಿಟಕಿ ಬದಿಗೆ ಮೂರಡಿ ಸರಿಸಲು ಜಾಗವಿದ್ದರೆ ನಿಲ್ಲುವ ಜಾಗವೂ ಸರಿಯುತ್ತದೆ, ಆಗ ಬಲ ಅಂಚಿನ ಸಾಲು ಮಕ್ಕಳ ಬಾಗಿಲಿನಿಂದ ತಪ್ಪಿ ಪ್ಯಾಸೇಜಿನ ಗೋಡೆಗೆ ಬರಬೇಕು. ದಾರ ಮತ್ತೆ ಎಳೆದು ನೋಡಿ. ಬರದಿದ್ದರೆ ಮಕ್ಕಳ ಮಂಚವನ್ನು ಅವರ ಬಾಗಿಲಿನ ನೇರದಿಂದ ತೆಗೆದು ಮೂಲೆಗೆ ಹಾಕಿ. ಇನ್ನೂ ಒಳ್ಳೆಯದು, ಸದ್ದು ಕೇಳಿದ ಕೂಡಲೇ ಮಕ್ಕಳು ನಿಮ್ಮ ರೂಮಿಗೆ ಬಂದು ಬಾಗಿಲು ಹಾಕಿಕೊಳ್ಳುವುದು. ಎಲ್ಲರೂ ಒಂದೇ ಬಾಗಿಲಿನ ಹಿಂದೆ ಇದ್ದರೆ ಹೊರಗೆ ನಮ್ಮವರು ಯಾರೂ ಇಲ್ಲ ಎಂಬುದಾದರೂ ಖಾತ್ರಿ. ಅವರನ್ನು ಕರೆತರಲು ಎಷ್ಟು ಸೆಕೆಂಡು ಬೇಕೆಂದು ಕತ್ತಲಲ್ಲಿ, ದೀಪ ಹಾಕದೆ, ಆಯುಧವಿಲ್ಲದೆ ಎರಡು ಸಲ ನಡೆದು ನೋಡಿ.

ರಾಜಾಜಿನಗರ_ನಿವಾಸಿ:
ಮಂಚ ಎರಡೂವರೆ ಅಡಿ ಸರಿಯುತ್ತೆ ಮೇಡಂ, ದಾರ ಎಳೆದೆ, ಸಾಲು ಪ್ಯಾಸೇಜಿನ ಗೋಡೆಗೆ ಬಂತು. ಬೆನ್ನಿಗೆ ಬೆನ್ನು ಇರೋ ಸ್ವಿಚ್ ಬೋರ್ಡ್ ಮಾತ್ರ ಉಳಿದಿದೆ. ಅದನ್ನು ಹೇಗೆ ಸರಿ ಮಾಡೋದು?

ಗಾರೆಮನೆ:
ಎರಡೂ ತೆಗೀಬೇಕಿಲ್ಲ, ಒಂದು ಕಡೆಯದು ಸಾಕು. ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕೈಲಿ ಮಕ್ಕಳ ರೂಮಿನ ಬೋರ್ಡ್ ಬಿಚ್ಚಿಸಿ, ವೈರ್‌ಗಳನ್ನು ಎರಡಡಿ ಪಕ್ಕಕ್ಕೆ ಹೊಸ ಡಬ್ಬಿಗೆ ಒಯ್ಯಿರಿ. ಅಲ್ಲಿ ಡಬ್ಬಿಯ ಹಿಂದೆ ಈ ಕಡೆಯ ಡಬ್ಬಿ ಇರಬಾರದು. ಹಳೇ ತಗಡಿನ ಡಬ್ಬಿ ಕಿತ್ತು ಹಾಕಿ, ಅದರ ಮೇಲೆ ಗಾರೆ ಹಾಕಬೇಡಿ. ತೂತಿನೊಳಗಿನ ಸಡಿಲ ಪುಡಿಯನ್ನು ಬ್ರಷ್‌ನಲ್ಲಿ ತೆಗೆದು, ನೀರು ಚಿಮುಕಿಸಿ, ಸಿಮೆಂಟ್ ಹಾಲು ಬಳಿದು, ಒಂದಕ್ಕೆ ಮೂರು ಗಾರೆಗೆ ಸಣ್ಣ ಜಲ್ಲಿ ಬೆರೆಸಿ ಗಟ್ಟಿಯಾಗಿ ಕುಟ್ಟಿ ತುಂಬಿ. ಒಂದೇ ಸಲ ತುಂಬಿದರೆ ಜೋತುಬೀಳುತ್ತೆ, ಒಂದೊಂದು ಇಂಚಿನ ಪದರ ಮಾಡಿ, ಒಂದು ಪದರ ಬಿಗಿದ ಮೇಲೆ ಇನ್ನೊಂದು. ಏಳು ದಿನ ಒದ್ದೆ ಗೋಣಿ ಒತ್ತಿ ಕ್ಯೂರಿಂಗ್ ಮಾಡಿ, ಆಮೇಲೆ ಪುಟ್ಟಿ. ಪೈಪ್‌ಗೆ ಕೊರೆದ ಗೆರೆಗಳನ್ನೂ ಅದೇ ಗಾರೆಯಲ್ಲಿ ಮುಚ್ಚಿಸಿ, ಪಿಒಪಿ ಮೆತ್ತಿಸಬೇಡಿ. ಮುಗಿದ ಮೇಲೆ ರಾತ್ರಿ ಮತ್ತೊಂದು ಸಲ ಈ ಕಡೆಯ ಬೋರ್ಡ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ, ಆಚೆ ಬೆಳಕು ಕಾಣಬಾರದು.